ಮೇಲಿನ ಷಡ್ಜ

ಹೊಸಪೇಟೆ
22-1-2007

ಚಿ. ಸೌ. ಗಂಗಾಂಬಿಕಾಗೆ,

ಕೊಟ್ರಯ್ಯನ ಆಶೀರ್ವಾದ. ನಾನು ಕ್ಷೇಮ. ನೀನು ಕಂಪ್ಲಿಗೆ, ನಿನ್ನ ಅಕ್ಕ ನಿಂಗಕ್ಕನ ಮನೆಗೆ ಹೋಗಿ ಹದಿನೆಂಟು ದಿನವಾಯಿತು. ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನು ಮಾಡಿದರೆ ಇಟ್ಟುಬಿಡುತ್ತಿ. ಕಾಗದವನ್ನಾದರೂ ಕೊನೆತನಕ ಓದುತ್ತಿ ಎಂಬ ಆಸೆ. ನಮ್ಮ ಹಾಡಿನ ಸಿ.ಡಿ. ಕವರಿನ ಮೇಲೆ ನಿನ್ನ ಹೆಸರು ಬರದೇ ಹೋದದ್ದು ನನ್ನ ಮರೆವಿನಿಂದ ಎಂದು ಆವತ್ತೇ ಹೇಳಿದ್ದೆ. ನೀನು ಒಂದು ಮಾತೂ ಆಡದೆ ಬಸ್ಸು ಹತ್ತಿದೆ. ಬೈದಿದ್ದರೆ ವಾಸಿ ಇತ್ತು.

ನಿನ್ನೆ ಹಂಪಿಯಲ್ಲಿ, ನಮ್ಮ ಸಿ.ಡಿ. ಮಾಡಿಸಿಕೊಟ್ಟ ಗೈಡ್ ಮನೋಹರ್ ಆರು ಮಂದಿ ಫಾರಿನ್ನವರನ್ನು ಕೂಡಿಸಿ, ನಮ್ಮ ಸಂಗೀತ ಅಂದರೇನೆಂದು ತಿಳಿಸಿಕೊಡಿ ಅಂದಿದ್ದ. ಅದಿರಿನ ಲಾರಿಗಳ ಸಾಲಿನಲ್ಲಿ ಸಿಕ್ಕು ತಾಸು ತಡವಾಗಿ ಮುಟ್ಟಿದೆ. ತಂಬೂರಿ ಒಯ್ಯಲಿಲ್ಲ, ಮೀಟುವವರು ಯಾರು? ಕರೆಂಟಿನ ಶ್ರುತಿಪೆಟ್ಟಿಗೆ ಇಟ್ಟುಕೊಂಡೆ. ರಾಗವೆಂದರೆ ಬರೀ ಸ್ವರಗಳಲ್ಲ, ಅದಕ್ಕೊಂದು ನಡೆ ಇದೆ, ಕೇಳುವವರೂ ಅವಸರ ಮಾಡಬಾರದು ಎಂದೆ. ನನ್ನ ಒಂದು ಮಾತಿಗೆ ಮನೋಹರ್ ಹತ್ತು ಮಾತು ಇಂಗ್ಲಿಷ್ ಆಡಿದ. ಏನು ಹೇಳಿದನೋ ವಿರೂಪಾಕ್ಷನೇ ಬಲ್ಲ. ಆದರೂ ಕದಲದೆ ಕೂತು ಕೇಳಿದರು. ನಮ್ಮ ಮದುವೆಮನೆ ಮಂದಿಗಿಂತ ಮೇಲು.

ಆಮೇಲೆ ಸಿ.ಡಿ. ಹಾಕಿದೆವು. ಇಂಗ್ರಿಡ್ ಎಂಬ ಮುದುಕಿ, ನಿಮ್ಮ ದನಿ ನಿಂತ ಕಡೆ ಒಂದು ಹೆಣ್ಣುದನಿ ಎದ್ದು ಮೇಲೆ ಹೋಗಿ ನಿಲ್ಲುತ್ತದಲ್ಲ, ಯಾರದು ಎಂದು ಕೇಳಿದಳು.

“ನಮ್ಮ ಮನೆಯವರು. ಹಿಂದ ಕುಂತು ತಂಬೂರಿ ಹಿಡೀತಾರ, ಅಷ್ಟ” ಅಂದೆ.

ಆಕೆ ಕವರನ್ನು ಹಿಂದೆ ಮುಂದೆ ತಿರುವಿ ಹೆಸರು ಹುಡುಕಿದಳು. ಹಾಗಾದರೆ ಆ ಜಾಗವನ್ನು ನೀವೇ ಹಾಡಿ ತೋರಿಸಿ ಎಂದಳು. ಹಾಡಲು ಹೋದೆ, ಮೇಲಿನ ಷಡ್ಜ ಹತ್ತಲಿಲ್ಲ, ದನಿ ಒಡೆಯಿತು. ಕೆಮ್ಮಿ, ಅದಿರಿನ ಧೂಳು ಗಂಟಲಿಗೆ ಇಳಿದಿದೆ ಎಂದೆ. ಎಲ್ಲರೂ ಪಾಪ ಅಂದು ಬಿಸಿನೀರು ತರಿಸಿದರು. ಕುಡಿಯುವಾಗ ಭಾಳ ನಾಚಿಕೆಯಾಯಿತು ಗಂಗಾ.

ಬರುವ ಭಾನುವಾರ ಮತ್ತೆ ಕರೆದಿದ್ದಾರೆ. ನಿಮ್ಮವರನ್ನೂ ಕರೆತನ್ನಿ ಎಂದು ಆಕೆ ಎರಡು ಸಲ ಹೇಳಿದಳು. ನೀನು ಬಂದರೆ ಹಿಂದೆ ಬೇಡ, ಪಕ್ಕದಲ್ಲಿ ಕುಳಿತುಕೋ. ತಂಬೂರಿ ನಾನು ಹಿಡಿಯುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ಬೈದಾದರೂ ನಾಲ್ಕು ಸಾಲು ಬರಿ.

ನಿಂಗಕ್ಕನಿಗೆ ನನ್ನ ಶರಣು ತಿಳಿಸು. ಗುರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಕೊಟ್ರಯ್ಯ

ತಾ.ಕ.: ಧೂಳಿನ ಮಾತು ಸುಳ್ಳು. ಕುಣಿಯಲಾರದವಳು ನೆಲ ಡೊಂಕು ಅಂದಹಾಗೆ. ಮೂರು ವರ್ಷದಿಂದ ಆ ಷಡ್ಜ ನನಗೆ ದಕ್ಕುತ್ತಿಲ್ಲ. ನಾನು ನಿಂತಲ್ಲಿ ನೀನು ಎತ್ತಿಕೊಂಡೆ, ಚಪ್ಪಾಳೆ ನಾನು ತೆಗೆದುಕೊಂಡೆ. ನೀನು ಒಂದು ದಿನವೂ ಎತ್ತಿ ಆಡಲಿಲ್ಲ. ಕವರು ಮಾಡಿಸುವಾಗ ಮನೋಹರ್ ಕೇಳಿದ್ದ, “ಅಕ್ಕಾರ ಹೆಸರು ಹಾಕಲೇನ್ರಿ?” ಅಂತ. ಎರಡು ಹೆಸರಿದ್ದರೆ ಯಾವ ದನಿ ಯಾರದೆಂದು ಮಂದಿ ಕೇಳುತ್ತಾರೆಂದು ಹೆದರಿದೆ. ಬ್ಯಾಡ ಅಂದವನು ನಾನೇ. ನಿನ್ನ ಹೆಸರು ಮರೆತಿರಲಿಲ್ಲ.