ಆಕಾಶದಲ್ಲಿ ತೀರಿದ ಹರಕೆ

ಚಿತ್ತೇಶ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಶುರು ಮಾಡಬೇಕು, ಆದರೆ ಕೈ ಬರುತ್ತಿಲ್ಲ. ಬರುವ ಸೋಮವಾರಕ್ಕೆ ನೀನು ಹೋಗಿ ಒಂದು ವರ್ಷ ತುಂಬುತ್ತದೆ. ಈ ಕಾಗದಕ್ಕೆ ವಿಳಾಸವಿಲ್ಲ ಎಂದು ನನಗೂ ಗೊತ್ತು. ಆದರೆ ಬೇರೆ ಯಾರಿಗೂ ಹೇಳುವಂತಿಲ್ಲದ ಮಾತೊಂದು ನನ್ನೊಳಗೇ ಉಳಿದಿದೆ. ಅದನ್ನು ನಿನಗೇ ಹೇಳಬೇಕು.

ಅವ್ವ ಹರಕೆ ಹೊತ್ತ ದಿನ ನೆನಪಿದೆಯಾ? ಬೆಂಗಳೂರಿನ ವಿಮಾನ ಕಲಿಸುವ ಶಾಲೆಯಲ್ಲಿ ನಿನಗೆ ಸೀಟು ಸಿಕ್ಕಿತ್ತು. ಡಾಕ್ಟರ ಪರೀಕ್ಷೆಯೊಂದೇ ಬಾಕಿ. ಕಣ್ಣಲ್ಲಿ ಒಂಚೂರು ದೋಷವಿದ್ದರೂ ವಾಪಸ್ಸು ಕಳಿಸುತ್ತಾರೆ ಎಂದು ನೀನು ಊಟ ಬಿಟ್ಟು ಕೂತಿದ್ದೆ. ಅವ್ವ ಹಟ್ಟಿ ಗುಡಿಯ ಮುಂದೆ ನಿಂತು, ಮಗ ಪಾಸಾದರೆ ಅವನ ಕೈಲೇ ಉರುಳು ಸೇವೆ ಮಾಡಿಸುತ್ತೇನೆ ಎಂದಳು. ಒದ್ದೆ ಬಟ್ಟೆಯಲ್ಲಿ ಗುಡಿಯ ಸುತ್ತ ನೆಲದ ಮೇಲೆ ಮೂರು ಸುತ್ತು ಉರುಳಬೇಕು, ಅಷ್ಟೇ. ನೀನು ಪಾಸಾದೆ. ಆದರೆ ಹಟ್ಟಿಯವರ ಕಣ್ಣೆದುರು ಮಣ್ಣಲ್ಲಿ ಉರುಳಲು ವಿಮಾನ ಓಡಿಸುವವನಿಗೆ ನಾಚಿಕೆ. ದೀಪಾವಳಿಗೆ ಬಂದಾಗ ಬೆನ್ನು ನೋವು ಎಂದೆ, ಸಂಕ್ರಾಂತಿಗೆ ಬಂದಾಗ ನೆಗಡಿ ಎಂದೆ. ಅಪ್ಪ ಎಲ್ಲದಕ್ಕೂ ಹೂಂ ಎನ್ನುವವನು, ಅದಕ್ಕೂ ಹೂಂ ಎಂದ. ಅವ್ವ ಮಾತ್ರ ಕೊಬ್ಬರಿ ಅಟ್ಟದ ಏಣಿ ಹತ್ತುವಾಗಲೂ ಇಳಿಯುವಾಗಲೂ ಅದನ್ನೇ ಗೊಣಗುತ್ತಿದ್ದಳು.

ನನ್ನ ನಾಲಿಗೆ ಎಂಥದ್ದೆಂದು ನಿನಗೆ ಗೊತ್ತಲ್ಲ. ದಿನಕ್ಕೊಮ್ಮೆ ನಿನ್ನ ಕಾಲೆಳೆಯದಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ. “ನೆಲದ ಮೇಲೆ ನಾಚ್ಕೆ ಆದ್ರೆ ಮೇಲಿಂದ್ಲೇ ಉರುಳ್ಬುಡೋ, ದೇವ್ರು ತಲೆ ಎತ್ತಿ ನೋಡ್ಕಂತಾನೆ” ಎಂದೆ. ನಗುತ್ತೀಯ ಎಂದುಕೊಂಡಿದ್ದೆ. ನೀನು ನಗಲಿಲ್ಲ, ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಕೂತು ಯೋಚನೆಗೆ ಬಿದ್ದೆ. ಹದಿನೈದು ದಿನಕ್ಕೆ ನಿನ್ನ ನಾಲ್ಕು ಪುಟದ ಕಾಗದ ಬಂತು.

ಆ ಕಾಗದ ನನಗೆ ಈಗಲೂ ಬಾಯಿಪಾಠ. ಯುದ್ಧದ ವಿಮಾನಗಳನ್ನು ಪಲ್ಟಿ ಹೊಡೆಯುವುದಕ್ಕೆಂದೇ ಗಟ್ಟಿಯಾಗಿ ಕಟ್ಟಿರುತ್ತಾರೆ, ತಲೆಕೆಳಗಾದರೂ ಅವುಗಳ ಇಂಜಿನ್ನಿಗೆ ಇಂಧನ ನಿಲ್ಲುವುದಿಲ್ಲ ಎಂದು ಬರೆದಿದ್ದೆ. ಇಂಜಿನ್ನೇ ಇಲ್ಲದ ಗ್ಲೈಡರುಗಳಲ್ಲೂ ಕೆಲವು ಪಲ್ಟಿ ಹೊಡೆಯುತ್ತವಂತೆ. ಹೆಲಿಕಾಪ್ಟರುಗಳಲ್ಲಿ ತೀರಾ ಕೆಲವಕ್ಕೆ ಮಾತ್ರ ಅದು ಸಾಧ್ಯ. ಜನ ತುಂಬಿಕೊಂಡು ಹೋಗುವ ದೊಡ್ಡ ವಿಮಾನವನ್ನೂ ಪಳಗಿದ ಕೈ ಮೆಲ್ಲಗೆ ಒಂದು ಸುತ್ತು ಉರುಳಿಸಬಹುದು, ಆದರೆ ಯಾರೂ ಒಪ್ಪುವುದಿಲ್ಲ. ನಿಮ್ಮ ಶಾಲೆಯ ಎರಡು ಸೀಟಿನ ವಿಮಾನಕ್ಕಂತೂ ಪಲ್ಟಿ ನಿಷೇಧ, ಕೂತವನ ಕಣ್ಣೆದುರೇ ಹಾಗೆಂದು ಬರೆದು ಅಂಟಿಸಿದ್ದಾರೆ ಎಂದಿದ್ದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಕೆಳಗೆ ಇನ್ನೆರಡು ಸಾಲು ಸೇರಿಸಿದ್ದೆ: “ಹಾಲಿನ ಚೊಂಬು ಹಿಡ್ಕಂಡು ಗಿರಗಿರ ತಿರುಗುಸ್ತಿದ್ವಲ್ಲ, ಒಂದ್ ತೊಟ್ಟೂ ಚೆಲ್ತಿರಲಿಲ್ಲ. ಹಂಗೆ ತಿರುಗ್ಸಿದ್ರೆ ವಿಮಾನಕ್ಕೂ ಗೊತ್ತಾಗಲ್ಲ ಕಣಕ್ಕ, ಎತ್ತರ ಇರ್ಬೇಕು ಅಷ್ಟೇ.”

ಬೇಡ ಎನ್ನಬೇಕಿತ್ತು ನಾನು. ಆ ಮಾತು ಹೇಳಲು ಹುಳಿಯಾರಿನ ಎಸ್‌ಟಿಡಿ ಬೂತಿಗೆ ಹೋದರೆ ಸಾಕಿತ್ತು. ನಾನು ಹೋಗಲಿಲ್ಲ. ಒಂದು ಶನಿವಾರ ಸಂತೆಗೆ ಹೋಗಿದ್ದಾಗ ಬೂತಿನ ಲಕ್ಷ್ಮಯ್ಯನವರು ಕರೆದು ನಿನ್ನ ಫೋನು ಕೊಟ್ಟರು. ಸೋಮವಾರ ಹನ್ನೊಂದು ಗಂಟೆಗೆ ಒಬ್ಬನೇ ಹೊಸದುರ್ಗದ ಕಡೆ ಹಾರುತ್ತೇನೆ, ಬೋರನಕಣಿವೆ ಜಲಾಶಯದ ನೀರಿನ ಗುರುತು ಹಿಡಿದು ಬರುತ್ತೇನೆ, ಗುಡಿ ಗೊತ್ತಾಗುವಂತೆ ಒಂದು ಸೀರೆ ಹರಡು ಎಂದೆ ನೀನು. ಹೇಗೂ ಅದು ನಮ್ಮ ದೇವರ ವಾರ. ನಿನ್ನ ದನಿಯಲ್ಲಿ ಅಂಥ ಖುಷಿಯಿತ್ತು. ಆಗಲೂ ನಾನು ಬೇಡ ಎನ್ನಲಿಲ್ಲ ಚಿತ್ತೇಶ. ನಗುತ್ತಾ, “ಮೂರು ಸುತ್ತು ಕಣೋ, ಒಂದುಕ್ಕೇ ಮುಗ್ಸಿ ದೇವ್ರಿಗೆ ಮೋಸ ಮಾಡ್ಬ್ಯಾಡ” ಎಂದೆ.

ಅವತ್ತು ಹಟ್ಟಿಯ ಗಂಡಸರೆಲ್ಲ ಕುರಿ ಹೊಡೆದುಕೊಂಡು ಹೋಗಿದ್ದರು. ಅವ್ವ ಅಟ್ಟದ ಮೇಲೆ ಕಾಯಿ ಆರಿಸುತ್ತಿದ್ದಳು. ಗುಡಿಯ ಮುಂದೆ ಹಳದಿ ಸೀರೆ ಹರಡಿಕೊಂಡು ನಿಂತವಳು ನಾನೊಬ್ಬಳೇ. ನೀನು ಬಂದೆ. ಮೊದಲ ಸುತ್ತು ಎಷ್ಟು ಸಲೀಸಾಗಿತ್ತೆಂದರೆ ನಾನು ಚಪ್ಪಾಳೆ ತಟ್ಟಿದೆ. ಎರಡನೆಯದರಲ್ಲಿ ವಿಮಾನದ ಮೂಗು ಕೆಳಗಾಯಿತು, ಎದ್ದು ನೇರವಾಗುವಷ್ಟರಲ್ಲಿ ತುಂಬಾ ಕೆಳಗೆ ಇಳಿದಿದ್ದೆ. ಸಾಕು ಎಂದು ನಾನು ಕೂಗಿದೆ. ನೆಲದ ಮೇಲೆ ನಿಂತವಳ ಕೂಗು ನಿನಗೆ ಹೇಗೆ ಕೇಳಬೇಕು. ಮೂರನೆಯದು ಅರ್ಧವಾಗುವಷ್ಟರಲ್ಲಿ ಇಂಜಿನ್ನಿನ ಸದ್ದು ನಿಂತಿತು. ವಿಮಾನ ಬಿದ್ದ ಮರುಳಪ್ಪನವರ ತೋಟದಲ್ಲಿ ಸುಳಿ ಮುರಿದ ನಾಲ್ಕು ತೆಂಗಿನ ಮರಗಳು ಇವತ್ತಿಗೂ ಹಾಗೇ ನಿಂತಿವೆ. ಆ ದಾರಿಯಲ್ಲಿ ನಾನು ಹೋಗುವುದಿಲ್ಲ.

ವಿಮಾನ ಇಲಾಖೆಯ ದೊಡ್ಡ ಸಾಹೇಬರು ಬಂದರು, ಎರಡು ದಿನ ಅಳೆದರು, ಬರೆದುಕೊಂಡರು. ಈ ಜಾತಿಯ ವಿಮಾನದಲ್ಲಿ ಮಾಡಬಾರದ ಕಸರತ್ತು ಮಾಡಿದ್ದಾನೆ, ಯಾಕೆಂದು ನಿಮಗೇನಾದರೂ ಗೊತ್ತೇ ಎಂದು ನನ್ನನ್ನೂ ಕೇಳಿದರು. ಗೊತ್ತಿಲ್ಲ ಎಂದೆ. ನಿನ್ನ ಕಾಗದವನ್ನು ಅಷ್ಟು ಹೊತ್ತಿಗಾಗಲೇ ಒಲೆಗೆ ಹಾಕಿದ್ದೆ.

ಅವ್ವನಿಗೆ ಮಾತ್ರ ಯಾಕೆಂದು ಗೊತ್ತಾಗಿಬಿಟ್ಟಿದೆ. ಮಗ ಹರಕೆ ತೀರಿಸಲಿಲ್ಲ, ದೇವರು ಮುನಿದ, ಅಷ್ಟೇ ಅವಳ ತೀರ್ಮಾನ. ನಿನ್ನ ಬದಲು ಪ್ರತಿ ಸೋಮವಾರ ತಾನೇ ಉರುಳುತ್ತಿದ್ದಾಳೆ. ಐವತ್ತೆಂಟರ ಹೆಂಗಸು, ಮೊಣಕೈಯ ಗಾಯ ಒಣಗುವುದರೊಳಗೆ ಮತ್ತೊಂದು ಸೋಮವಾರ ಬರುತ್ತದೆ. ಪಕ್ಕದಲ್ಲಿ ನಡೆಯುತ್ತಾ ಅವಳ ಸೀರೆ ಸರಿಪಡಿಸುವುದು, ಭುಜ ಹಿಡಿದು ಹೊರಳಿಸುವುದು ನನ್ನ ಕೆಲಸ. ಪೂಜಾರಿ ತಿಮ್ಮಯ್ಯ ಈಗ ಹರಕೆ ತಪ್ಪಿಸಬಾರದೆಂದು ಯಾರಿಗೆ ಬುದ್ಧಿ ಹೇಳಬೇಕಾದರೂ ನಿನ್ನ ಹೆಸರನ್ನೇ ಎತ್ತುತ್ತಾನೆ. ಕೇಳಿದಾಗಲೆಲ್ಲ ಅವನ ಬಾಯಿ ಮುಚ್ಚಿಸಬೇಕು ಎನಿಸುತ್ತದೆ.

ಮೊನ್ನೆ ಎರಡನೆಯ ಸುತ್ತಿಗೇ ಅವ್ವನಿಗೆ ಏದುಸಿರು ಹತ್ತಿತು. ಅಂಗಾತ ಬಿದ್ದುಕೊಂಡು, “ಅವ್ನು ಒಂದೇ ಒಂದ್ ಸುತ್ತು ಉರುಳಿದ್ರೂ ದೇವ್ರು ಕೈ ಬುಡ್ತಿರಲಿಲ್ಲ ಕಣೇ” ಎಂದಳು.

ನಿನ್ನ ಮಗ ಉರುಳಿದ ಕಣವ್ವ, ನಿನ್ನ ಹರಕೆಗೇ ಉರುಳಿದ, ನಾನೇ ಹೇಳಿ ಉರುಳಿಸಿದೆ. ಮಾತು ತುಟಿಯವರೆಗೆ ಬಂತು. ಹೇಳಿದರೆ ಅವಳು ಇನ್ನು ಮೇಲೆ ಸೋಮವಾರ ಉರುಳಬೇಕಿಲ್ಲ, ನಿಜ. ಆದರೆ ತನ್ನ ಹರಕೆಯೇ ಮಗನನ್ನು ತಿಂದಿತು ಎಂದು ಗೊತ್ತಾದ ಮೇಲೆ ಆ ಜೀವ ಯಾವುದನ್ನು ಹಿಡಿದುಕೊಂಡು ಉಳಿಯುತ್ತದೆ? ಹೇಳದಿದ್ದರೆ ನೀನು ದೇವರಿಗೆ ಮೋಸ ಮಾಡಿದವನಾಗಿಯೇ ಉಳಿಯುತ್ತೀಯ. ಅವಳ ಭುಜದ ಕೆಳಗೆ ಕೈ ಹಾಕಿ ಮೂರನೆಯ ಸುತ್ತಿಗೆ ಹೊರಳಿಸಿದೆ.

“ಹೂಂ ಕಣವ್ವ, ಅವ್ನು ಮಾಡ್ಬೇಕಿತ್ತು” ಎಂದೆ.

ನಾನು ಬದುಕಿರುವವರೆಗೂ ಹಾಗೇ ಹೇಳುತ್ತೇನೆ. ಅವ್ವನನ್ನು ಉಳಿಸಿಕೊಳ್ಳುವುದಕ್ಕೋ, ನನ್ನನ್ನು ಉಳಿಸಿಕೊಳ್ಳುವುದಕ್ಕೋ, ನನಗೂ ತಿಳಿಯದು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಎಲ್ಲಿದ್ದರೂ ತಣ್ಣಗಿರು ಕಣಪ್ಪ.

ನಿನಗೆ ಬೇಡ ಎನ್ನದ ಅಕ್ಕ,
ವನಿತಾ