ಎಲೆ ಸೋತರೂ ಬೇರು

ಅಪ್ಪ,

ನೀನು ಕಸಿ ಕಟ್ಟಿದ ಕಿತ್ತಳೆ ಗಿಡ ಉಳಿಯಿತು.

ಕಜ್ಜಿ ರೋಗ ತಗುಲಿ ಎಲೆಯೆಲ್ಲ ಉದುರಿತ್ತು. ನಾನು ಗರಗಸ ಹಿಡಿದು ನಿಂತಿದ್ದೆ. ಅಮ್ಮ ಬಿಡದೆ ಸಸ್ಯರೋಗ ನೋಡುವವರನ್ನು ಕರೆಸಿದಳು. ಅವರು ಎಲೆ ನೋಡಿ ಸುಮ್ಮನಾಗಲಿಲ್ಲ. ಮಣ್ಣು ಕೆದಕಿ ಬೇರಿನ ತುದಿಯನ್ನೂ ಕತ್ತರಿಸಿಕೊಂಡು ಹೋದರು.

ಇವತ್ತು ಬಂದು ಹೇಳಿದರು: "ರೋಗದ ಜೊತೆ ಎಲೆ ಹೋರಾಡೋದೇ ಬೇರೆ ಥರ, ಬೇರು ಹೋರಾಡೋದೇ ಬೇರೆ ಥರ. ಎಲೆ ಸೋತಿದೆ, ಬೇರು ಗಟ್ಟಿಯಾಗಿದೆ. ಒಣಗಿದ ರೆಂಬೆ ಸವರಿ, ಚಿಗುರುತ್ತೆ."

"ಸಿಹಿ ಕಿತ್ತಳೆಗೆ ಕಾಡುನಿಂಬೆ ಬೇರು ಯಾಕೆ ಅಂತ ಕಸಿ ಕಟ್ಟುವಾಗ ನಿಮ್ಮಪ್ಪನ ಹತ್ರ ಜಗಳ ಆಡಿದ್ದೆ ನಾನು," ಎಂದು ಅಮ್ಮ ನಕ್ಕಳು. ನೀನು ಹೋದ ಮೇಲೆ ಅವಳು ನಕ್ಕಿದ್ದು ಇವತ್ತೇ.

ಗರಗಸ ಒಳಗಿಟ್ಟೆ.

ಕಾಯಿಲೆ ಒಳಗೊಳಗೇ ತಿನ್ನುತ್ತಿದ್ದರೂ ನಿನ್ನ ಮುಖದಲ್ಲಿ ಕೊನೆಯವರೆಗೂ ಕಳೆ ಇತ್ತು. ನಾವು ಅದನ್ನೇ ನೋಡಿಕೊಂಡು ನೆಮ್ಮದಿಯಾಗಿದ್ದೆವು.