ಬಲಗಡೆಯ ಎರಡು ಚಾನೆಲ್

4 ಮಾರ್ಚ್, ಸಂಜೆ 6

ಅಣ್ಣನ ಆಂಪ್ಲಿಫೈಯರ್ — ಸ್ಪೀಕರಿಗೊಂದರಂತೆ ಐದು ಚಾನೆಲ್ — ನನ್ನ ಊಟದ ಮೇಜಿನ ಮೇಲಿದೆ. ಅವನು ತೀರಿಕೊಂಡು ನಾಲ್ಕು ತಿಂಗಳು. ಅತ್ತಿಗೆ ಬಾಡಿಗೆ ಕಾರಿನಲ್ಲಿ ತಂದಿಟ್ಟು ಹೋದರು. ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ, ಸ್ಪೀಕರಿಗೆ ಸಂಪರ್ಕ ಕೊಡುವ ರಿಲೇ ಟಕ್ ಅನ್ನುವುದಿಲ್ಲ, ಐದು ಸೆಕೆಂಡಿಗೆ ತಾನೇ ಆರುತ್ತದೆ.

"ನೀನೇ ಮಾಡ್ಬೇಕು ಕಣೆ. ಹೊರಗಿನವರ ಕೈಗೆ ಕೊಡಲ್ಲ," ಅಂದರು. "ಮನೇಲಿ ಈಗ ಮಾತಾಡೋದು ಫ್ರಿಜ್ ಒಂದೇ."

ಎರಡು ವರ್ಷ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೂರಲೂ ಇಲ್ಲ.

5 ಮಾರ್ಚ್

ಮುಚ್ಚಳ ತೆಗೆದೆ. ಬೆರಳು ಹೂತುಹೋಗುವಷ್ಟು ಧೂಳು. ಪವರ್ ಸಪ್ಲೈಯ ನಾಲ್ಕು ಕೆಪಾಸಿಟರ್ ಉಬ್ಬಿವೆ. ರಿಲೇ ಒಳಗೆ ಸುಟ್ಟು ಕಪ್ಪು. ಅಣ್ಣ ಹಿಂದೆಯೂ ತೆರೆದಿದ್ದಾನೆ — ಅವನ ಬೆಸುಗೆ ಎಲ್ಲಿದ್ದರೂ ಗುರುತು ಸಿಗುತ್ತದೆ. ಸಾಸಿವೆಯಷ್ಟೇ, ಹೊಳೆಯುವಂಥದ್ದು. ಅಪ್ಪನ ರೇಡಿಯೋ ರಿಪೇರಿ ಮೇಜಿನಲ್ಲಿ ಇಬ್ಬರೂ ಒಟ್ಟಿಗೇ ಕಲಿತೆವು. ನನ್ನದು ಇವತ್ತಿಗೂ ಕಡಲೆಕಾಳು.

ಓದುತ್ತಿದ್ದ ಅನುವಾದಿತ ಕಾದಂಬರಿಯನ್ನು ಮೇಜಿನಿಂದ ಕಿಟಕಿಗೆ ವರ್ಗಾಯಿಸಿದೆ. ಪುಟ 212. ನಾಯಕ ಕಾಗದ ಒಡೆಯುವುದೋ ಬೇಡವೋ ಎಂದು ನಿಂತಿದ್ದಾನೆ. ನಿಂತಿರಲಿ.

9 ಮಾರ್ಚ್, ಭಾನುವಾರ

ಹೊಸ ಕೆಪಾಸಿಟರ್, ಹೊಸ ರಿಲೇ. ಸೀರೀಸ್ ಬಲ್ಬ್ ಮೂಲಕ ಕರೆಂಟ್ ಕೊಟ್ಟೆ — ಒಳಗೆ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಮೆಷಿನ್ ಉಳಿಯುತ್ತದೆ. ಒಮ್ಮೆ ಮಿಂಚಿ ಮಂಕಾಯಿತು. ಟಕ್.

ಒಂದೇ ಸಿಗ್ನಲ್ ಐದಕ್ಕೂ ಕೊಟ್ಟು ಅಳೆದೆ. ಎಡಗಡೆಯವೆರಡು, ಮಧ್ಯದ್ದು — ಸಮ. ಬಲಗಡೆಯ ಎರಡೂ ಸುಮಾರು ಮೂರು ಪಟ್ಟು! ಹುಡುಕಿದೆ. ಸದ್ದನ್ನು ಎಷ್ಟು ಹೆಚ್ಚಿಸಬೇಕೆಂದು ತೀರ್ಮಾನಿಸುವ ರೆಸಿಸ್ಟರ್ 22 ಕೆ, ಅಂದರೆ 22 ಸಾವಿರ ಓಮ್, ಇರಬೇಕಾದಲ್ಲಿ 68 ಕೆ. ಸಾಸಿವೆ ಬೆಸುಗೆ. ಅಳತೆ ಹೇಳುವ ಬಣ್ಣದ ಪಟ್ಟಿ ತಪ್ಪು ಓದಿದನೇ? ಅವನು?

ಅಪ್ಪ ಹೇಳುತ್ತಿದ್ದರು, ಚಾನೆಲ್‌ಗಳಲ್ಲಿ ಮಲಮಗ ಇರಬಾರದು ಅಂತ. ಎರಡೂ ಕಿತ್ತು 22 ಹಾಕಿದೆ. ಈಗ ಐದೂ ಸಮ. ಖುಷಿಯಾಯಿತು, ಸುಳ್ಳೇಕೆ. ಅವನದೊಂದು ತಪ್ಪು ಸಿಕ್ಕಿತಲ್ಲ.

11 ಮಾರ್ಚ್

ಆಫೀಸಿನಿಂದ — ಲ್ಯಾಬಿನ ತಕ್ಕಡಿಗಳನ್ನು ಸರಿಹೊಂದಿಸುವುದಷ್ಟೇ ದಿನವಿಡೀ — ಬೇಗ ಹೊರಟು ಅಣ್ಣನ ಮನೆಗೆ ಹೋದೆ. ಎರಡು ವರ್ಷದ ಮೇಲೆ. ಜೋಡಿಸಿ ಹಾಡು ಹಾಕಿದೆ. ಅತ್ತಿಗೆ ಅವನ ಕುರ್ಚಿಯಲ್ಲಿ ಕೂತು ಕೇಳಿದರು.

"ಚೆನ್ನಾಗಿದೆ. ಆದ್ರೆ ಇದು ನಮ್ಮನೇದಲ್ಲ."

"ಅಂದ್ರೆ?"

"ಮೊದ್ಲು ಎಲ್ಲಾ ಆ ಕಿಟಕಿ ಕಡೆಗೇ ವಾಲ್ತಿತ್ತು. ಏನ್ರೀ ಇದು, ಹಾಡೋರು ನಮ್ಮನೇಲಿದ್ದಾರೋ ಪಕ್ಕದ ಮನೇಲೋ ಅಂತ ಬೈತಿದ್ದೆ. ನಿನ್ನ ಕಿವಿ ತೋರಿಸ್ಕೋ ಹೋಗು ಅನ್ನೋರು."

ಇಬ್ಬರೂ ನಕ್ಕೆವು. ಆಮೇಲೆ ಅತ್ತಿಗೆ ಸೆರಗಿನ ತುದಿ ಸುತ್ತುತ್ತಾ, "ಕೊನೆ ಎರಡು ವರ್ಷ ನನ್ನ ಕಂಡ್ರೆ ಅವರಿಗೆ ಆಗ್ತಿರ್ಲಿಲ್ಲ ಕಣೆ. ಮಲಗಿದಾಗ ಏನಾದ್ರೂ ಹೇಳಹೋದ್ರೆ ಎಡಕ್ಕೆ ಮಗ್ಗುಲಾಗಿಬಿಡೋರು. ಹೂಂ ಇಲ್ಲ, ಉಹುಂ ಇಲ್ಲ. ಗೋಡೆಗೆ ಹೇಳಿದಂಗೆ. ನಿನ್ನ ವಿಷಯ ಮಾತ್ರ ದಿನಾ ಬರೋದು. ಅವಳಿಗ್ಯಾಕೆ ಕೋಪ, ನಾನೇನು ಮಾಡಿದೆ ಅಂತ."

 ಅವನಿಗೆ ಗೊತ್ತಿಲ್ಲದೆ ಏನು! ಎರಡು ವರ್ಷದ ಹಿಂದೆ, ಬಸ್ ಸ್ಟಾಪಿನ ಬೆಂಚು. ಕಾಲ ಬಳಿ ನನ್ನ ಸೂಟ್‌ಕೇಸ್. "ಗಂಡನ ಮನೆ ಬಿಟ್ಟು ಬಂದಿದ್ದೀನಿ. ಸ್ವಲ್ಪ ದಿನ ನಿಮ್ಮನೇಲಿ ಇರಲಾ ಅಣ್ಣ?" ಅಂದೆ. ತಿರುಗಲಿಲ್ಲ. ರಸ್ತೆ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ "ಬಸ್ಸು ಲೇಟು" ಅಂದ. ಸೂಟ್‌ಕೇಸ್ ಎತ್ತಿಕೊಂಡು ಎದ್ದುಬಂದೆ. ಎರಡನೆಯ ಸಲ ಕೇಳುವ ಜಾಯಮಾನ ನನ್ನದಲ್ಲ. ಆಮೇಲೆ ಎಷ್ಟೋ ಸಲ ಫೋನ್ ಮಾಡಿದ. ಎತ್ತಲಿಲ್ಲ.

13 ಮಾರ್ಚ್

ಫ್ಯೂಸ್ ಬೇಕಿತ್ತು. ಬಿಡಿಭಾಗದ ಅಂಗಡಿಯವರಿಗೆ ನಾವಿಟ್ಟ ಹೆಸರು 'ಕಲರ್ ಕೋಡ್'. ಅಣ್ಣನ ಮೆಷಿನ್ ಅಂದ ಕೂಡಲೇ ಶುರುಮಾಡಿದರು.

"ನಿಮ್ಮಣ್ಣ ಮೂರು ಸಲ ಬಂದಿದ್ರು ಮೇಡಂ. ಮೊದ್ಲು ಮೂವತ್ಮೂರು ಕೆ, ಆಮೇಲೆ ನಲವತ್ತೇಳು, ಆಮೇಲೆ ಅರವತ್ತೆಂಟು. ಯಾವಾಗ್ಲೂ ಎರಡೇ. 'ಏನು ಸಾರ್, ಗೋಡೆ ಕೆಡವೋ ಪ್ಲಾನಾ?' ಅಂದೆ. ಎಡಗಡೆ ಕಿವಿ ನನ್ನ ಕಡೆ ತಂದು 'ಏನಂದ್ರಿ?' ಅಂದ್ರು. ಬಲಗಡೆದು ಪೂರ್ತಿ ಹೋಗಿತ್ತಲ್ಲ ಪಾಪ... ನಿಮಗೆ ಗೊತ್ತೇ ಇರುತ್ತೆ."

ಗೊತ್ತು ಅಂದೆ. ಫ್ಯೂಸ್ ಅಲ್ಲೇ ಮರೆತು ಬಂದೆ.

24 ಮಾರ್ಚ್

ಬೆಂಚಿನಲ್ಲಿ ಅವನ ಬಲಕ್ಕೆ ಕೂತಿದ್ದೆ.

ಹನ್ನೊಂದು ದಿನ ಇದೊಂದನ್ನೇ ಪರೀಕ್ಷಿಸಿದೆ. ಸೂಟ್‌ಕೇಸ್ ನನ್ನ ಬಲಗಾಲಿಗೆ ಒರಗಿತ್ತು, ಆ ಕಡೆ ಕಂಬ. ಅಂದರೆ ಅವನು ನನ್ನ ಎಡಕ್ಕೆ. ಬೇರೆ ರೀತಿ ಸಾಧ್ಯವಿಲ್ಲ. ಬಸ್ಸುಗಳ ಗದ್ದಲ ಬೇರೆ. ಕೇಳಿಸಿಯೇ ಇಲ್ಲ ಅವನಿಗೆ.

ರಿಮೋಟಿನಲ್ಲೇ ಬಲಗಡೆ ಹೆಚ್ಚಿಸಬಹುದಿತ್ತು. ಆದರೆ ಅಂಕಿ ಪರದೆಯ ಮೇಲೆ ಬರುತ್ತದೆ, ಅತ್ತಿಗೆ ನೋಡುತ್ತಾರೆ. ಮುಚ್ಚಳದೊಳಗೆ ಯಾರು ನೋಡುತ್ತಾರೆ? ಅಪ್ಪನಿಗೆ ಕಿವಿ ಮಂದವಾದಾಗ ಊಟಕ್ಕೆ ಕೂತಲ್ಲೇ "ಕೋಣನ ಮುಂದೆ ಕಿನ್ನರಿ" ಎಂದು ಬಿದ್ದು ಬಿದ್ದು ನಗುತ್ತಿದ್ದವರು ನಾವಿಬ್ಬರೇ. ನಾನು ಹೆಚ್ಚು ನಗುತ್ತಿದ್ದೆ.

25 ಮಾರ್ಚ್, ಬೆಳಿಗ್ಗೆ 7

ಅತ್ತಿಗೆಯ ಫೋನ್. ಬಲಗಡೆಯದನ್ನು ಮೊದಲಿನ ಹಾಗೆ ಮಾಡಿಕೊಡಲೇ ಎಂದು ಕೇಳಿದೆ.

"ಬೇಡ ಬಿಡು. ಆ ವಾಲೋದು ಕೇಳಿದ್ರೆ ಅವರ ಮುನಿಸೂ ನೆನಪಾಗುತ್ತೆ. ನಾನು ಅದೇನು ತಪ್ಪು ಮಾಡಿದ್ನೋ, ಹೇಳದೇ ಹೋದ್ರು."

ಧ್ವನಿಯಲ್ಲಿ ಅಳು ಇರಲಿಲ್ಲ. ಒಗ್ಗಿಕೊಂಡಿದ್ದಾರೆ. ಎಡಕ್ಕೆ ಮಗ್ಗುಲಾದರೆ ಕೇಳಿಸುವ ಕಿವಿ ದಿಂಬಿನೊಳಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ಹೇಳಿದರೆ ಮುನಿಸಿನ ಭಾರ ಇಳಿಯುತ್ತದೆ. ಬದಲಿಗೆ ಬರುವುದು ಹಗುರವಲ್ಲ. ಹನ್ನೆರಡು ದಿನದಿಂದ ಹೊತ್ತು ನೋಡಿದ್ದೇನೆ. ಅವನೇ ಮುಚ್ಚಿಟ್ಟದ್ದನ್ನು ನಾನು ತೆರೆಯಬಹುದೇ? ಈ ಪ್ರಶ್ನೆ ನ್ಯಾಯವಾದದ್ದು. ಆದರೂ ಹೇಳುತ್ತೇನೆ.

ನಾಳೆ ರಜೆ. ಟೂಲ್ ಬ್ಯಾಗ್ ಒಯ್ಯುವುದಿಲ್ಲ — ಕೈಗೆ ಕೆಲಸ ಸಿಕ್ಕರೆ ಮಾತು ಮುಂದೂಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ಮೊದಲು ಅವನ ವಿಷಯ, ಆಮೇಲೆ ಬೆಂಚಿನದು. ಮೊದಲ ವಾಕ್ಯ ಇಲ್ಲೇ ಬರೆದುಕೊಂಡು ಹೋಗುವುದು ಒಳ್ಳೆಯದು. ಅತ್ತಿಗೆ, ಅಣ್ಣ ನಿಮ್ಮ ಮೇಲೆ ಮುನಿಸಿಕೊಂಡಿರಲೇ ಇಲ್ಲ, ಅವನಿಗೆ...